ಹೆಂಚು ಬಂದ ಮೇಲೆ

ನಮ್ಮ ಅಜ್ಜಿ ಇಸವಿ ಲೆಕ್ಕ ಇಟ್ಟವಳಲ್ಲ. ದೊಡ್ಡಪ್ಪ ಹುಟ್ಟಿದ್ದು ಸೋಗೆಮನೆಯಲ್ಲಿ, ಅಪ್ಪ ಹುಟ್ಟಿದ್ದು ಹೆಂಚು ಬಂದ ಮೇಲೆ. ಅವಳ ಪಾಲಿಗೆ ಮನೆಯ ಚರಿತ್ರೆ ಈ ಎರಡೇ ಭಾಗ. ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಇಂಥ ಲೆಕ್ಕ ಹೊಸದೇನಲ್ಲ.

ಸೋಗೆಯ ಕಾಲದಲ್ಲಿ ಪ್ರತಿ ಬೇಸಿಗೆಯೂ ಮಾಡಿನ ಚಿಂತೆ. ತೋಟದಲ್ಲಿ ಬಿದ್ದ ಅಡಕೆ ಸೋಗೆ ಒಟ್ಟುಮಾಡಿ, ಹಳೆಯದನ್ನು ಕಿತ್ತು ಗೊಬ್ಬರಗುಂಡಿಗೆ ಹಾಕಿ, ಮಳೆ ಹಿಡಿಯುವುದರೊಳಗೆ ಹೊಸದನ್ನು ಹೊದಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇಂದು ನಮ್ಮನೆಗೆ ಬಂದವರ ಮನೆಗೆ ನಾಳೆ ನಾವು ಹೋಗುವ ಮುಯ್ಯಾಳಿನ ಪದ್ಧತಿ. ಒಲೆಯ ಒಂದು ಕಿಡಿ ಹಾರಿದರೆ ಮಾತ್ರ ಅಷ್ಟೂ ಜನರ ದುಡಿಮೆ ಬೂದಿ.

ಆ ಭಯ ಬಿಡಿಸಿದ ಹೆಂಚು ಹುಟ್ಟಿದ್ದು ಘಟ್ಟದ ಕೆಳಗೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೂಲಕ ಕ್ರೈಸ್ತ ಮತ ಸೇರಿದವರಿಗೆ ಎಷ್ಟೋ ಸಲ ಕುಲಕಸುಬೂ ತಪ್ಪುತ್ತಿತ್ತು, ನೆಂಟರ ಆಸರೆಯೂ ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ, ಅಚ್ಚುಕೂಟ ಶುರುವಾದವು. ಅಚ್ಚುಕೂಟದ ಕೆಲಸಕ್ಕೆ ಬಂದ ಗೇಯಾರ್ಗ್ ಪ್ಲೆಬ್ಸ್ಟ್ ನೇತ್ರಾವತಿ ಬಯಲಿನ ಜೇಡಿಮಣ್ಣಿನ ಗುಣ ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ. ಮೊದಮೊದಲು ಮಣ್ಣು ಹದಮಾಡುವ ಯಂತ್ರ ತಿರುಗಿಸುತ್ತಿದ್ದದ್ದು ಎತ್ತುಗಳು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು; ಆಮೇಲೆ ನದಿದಂಡೆಯುದ್ದಕ್ಕೂ ಚಿಮಣಿಗಳೆದ್ದವು.

ನಮ್ಮ ಹೆಂಚು ಗಾಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ ಕೂತು ಆಗುಂಬೆ ಘಾಟಿ ಹತ್ತಿತಂತೆ. ಹಳೆಯ ನಾಡಹೆಂಚಿನಂತೆ ಇದು ಸುಮ್ಮನೆ ಒಂದರ ಮೇಲೊಂದು ಕೂರುವುದಿಲ್ಲ. ಅಡಿಯ ಹಲ್ಲು ರೀಪನ್ನು ಕಚ್ಚಿಕೊಳ್ಳುತ್ತದೆ, ಅಂಚಿನ ಏಣು ಪಕ್ಕದ ಹೆಂಚಿನ ತೋಡಿನೊಳಗೆ ಸೇರಿಕೊಳ್ಳುತ್ತದೆ. ಹೆಂಚಿನ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು, 1865 ಎಂಬ ಇಸವಿ. ಚಾಪೆಯ ಮೇಲೆ ಅಂಗಾತ ಮಲಗಿ ನಾವು ಮಕ್ಕಳು ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಅದೇ. ಅದು ಕಾರ್ಖಾನೆ ಹುಟ್ಟಿದ ವರ್ಷ. ಚಿಕ್ಕಪ್ಪ ಮಾತ್ರ ಬಂದ ನೆಂಟರಿಗೆಲ್ಲ ಅದನ್ನೇ ತೋರಿಸಿ, ಮನೆ ಕಟ್ಟಿಸಿದ್ದು ಆಗ ಎಂದು ಹೇಳಿ ಇನ್ನೊಂದು ಲೋಟ ಕಾಫಿ ಕುಡಿಸುತ್ತಿದ್ದ.

ಅಡುಗೆಮನೆಯ ಮೇಲಿನ ಒಂದು ಸಾಲಿನಲ್ಲಿ ಹೆಸರೇ ಬೇರೆ: ಕಾಮನ್‌ವೆಲ್ತ್. ಒಂದನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನಲ್ಲಿದ್ದ ಜರ್ಮನರನ್ನು ಬಂಧನದಲ್ಲಿಟ್ಟು ಅದರ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮಂಗ ಕುಣಿದು ಒಡೆದ ಹೆಂಚಿನ ಜಾಗಕ್ಕೆ ಹೊಸದು ತಂದಾಗ ಯುರೋಪಿನ ಯುದ್ಧವೂ ಹೀಗೆ ನಮ್ಮ ಒಲೆಯ ಮೇಲಕ್ಕೆ ಬಂತು. ಅದೇ ಸಾಲಿನಲ್ಲಿ ಒಂದು ಗಾಜಿನ ಹೆಂಚು. ಅದರ ಬಿಸಿಲು ಒರಳಿನ ಹತ್ತಿರ ಬಂದಾಗ ಅಜ್ಜಿ ಅನ್ನಕ್ಕೆ ನೀರಿಡುತ್ತಿದ್ದಳು.

ಹೆಂಚಿನ ಮೇಲೆ ಅವಳಿಗೆ ಒಂದೇ ತಕರಾರು. ಸೋಗೆಗೆ ಜನ ಬೇಕಿತ್ತು, ಹೆಂಚಿಗೆ ದುಡ್ಡು ಸಾಕು. ಅಡಕೆ ಮಂಡಿಯಲ್ಲಿ ಸಾಲ ತಂದು ಮಾಡು ಏರಿಸಿದ ಮೇಲೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಒಬ್ಬ ಆಳು, ಏಣಿ ಹಿಡಿಯಲು ಒಬ್ಬ ಹುಡುಗ ಇದ್ದರೆ ಆಯಿತು. ಹೊದಿಕೆಯ ದಿನ ಹೊಳೆಯಾಚೆಯ ಮನೆಗಳವರೂ ಸೇರಿ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ಊಟ ನಿಂತಿತು. ಆ ಮನೆಗಳ ಹೆಂಗಸರನ್ನು ಮದುವೆ-ಮುಂಜಿಯಲ್ಲಿ ಬಿಟ್ಟರೆ ಮತ್ತೆ ಕಂಡಿಲ್ಲ ಎನ್ನುತ್ತಿದ್ದಳು.

ಈಗ ತಾರಸಿಯ ಸರದಿ. ಇಳಿಸಿದ ಹೆಂಚು ರೆಸಾರ್ಟುಗಳಿಗೆ ಮಾರಾಟವಾಗುತ್ತಿದೆ. ಕೊಡುವ ಮುಂಚೆ ಒಂದೊಂದನ್ನು ಮಗುಚಿ ಹೆಸರು ಬರೆದಿಟ್ಟುಕೊಂಡರೆ ಯಾವ ಭಾಗ ಯಾವಾಗ ಸೇರಿತೆಂಬ ಅಂದಾಜಾದರೂ ಸಿಗುತ್ತದೆ. ಸೋಗೆ ಹೊದಿಸಿದವರ ಹೆಸರು ಮಾತ್ರ ಯಾವ ಹೆಂಚಿನಲ್ಲೂ ಇಲ್ಲ. ಯಾರ ಮನೆಯ ಮುಯ್ಯಿ ನಮ್ಮ ಮೇಲೆ ಉಳಿದಿತ್ತೆಂದು ಹೇಳಬಲ್ಲ ಮುದುಕರು ಊರಲ್ಲಿ ಇನ್ನೂ ಇದ್ದರೆ, ಹೆಂಚಿಗಿಂತ ಮೊದಲು ಅವರ ಬಳಿ ಕೂತು ಕೇಳಬೇಕು.