ಪಾಲಿಕಾ ಬಜಾರಿನ ಡಿಸ್ಕು ಯಾವ ಯಂತ್ರದಲ್ಲಿ ಓಡುತ್ತದೆ?

"ಪುರಾನಿ ಕ್ಯಾಸೆಟ್ ಚಲೇಗಿ?" ಹಳೆಯ ಕ್ಯಾಸೆಟ್ ಇದರಲ್ಲಿ ಓಡುತ್ತದಾ? ದೆಹಲಿಯಲ್ಲಿ ವಿಡಿಯೊ ಗೇಮ್ ಮಾರುವ ಅಂಗಡಿಗಳ ಮುಂದೆ ತಲೆಮಾರು ಬದಲಾದಂತೆಲ್ಲ ಮತ್ತೆ ಮತ್ತೆ ಕೇಳಿಬಂದಿರುವ ಪ್ರಶ್ನೆ ಇದು. ಕ್ಯಾಸೆಟ್ ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಡೌನ್‌ಲೋಡ್ ಬಂತು, ಪ್ರಶ್ನೆ ಮಾತ್ರ ಉಳಿದುಕೊಂಡಿತು. ಹೊಸ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವ ಮನೆಯವರಿಗೆ ಕಪಾಟಿನಲ್ಲಿರುವ ಹಳೆಯ ಆಟಗಳು ದಂಡವಾಗುತ್ತವೆಯೇ ಎಂಬ ಚಿಂತೆ ಇದ್ದೇ ಇರುತ್ತದೆ. ಅದಕ್ಕೆ ಸಿಕ್ಕ ಉತ್ತರ ಜಪಾನಿನಲ್ಲಿ ಒಂದು, ಅಮೆರಿಕದಲ್ಲಿ ಒಂದು. ದೆಹಲಿಯಲ್ಲಿ ಅದು ಇನ್ನೂ ಬೇರೆಯೇ ಆಗಿತ್ತು.

ಕನಾಟ್ ಪ್ಲೇಸ್‌ನ ನೆಲದಡಿಯಲ್ಲಿ ಮುನ್ನೂರಕ್ಕೂ ಹೆಚ್ಚು ಅಂಗಡಿಗಳಿರುವ ಪಾಲಿಕಾ ಬಜಾರ್ ಎದ್ದದ್ದು 1970ರ ದಶಕದ ಕೊನೆಯಲ್ಲಿ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೂರದರ್ಶನಕ್ಕೆ ಬಣ್ಣ ಬಂತು, ದೆಹಲಿಯ ಮಧ್ಯಮ ವರ್ಗದ ಮನೆಗಳಿಗೆ ಕಲರ್ ಟಿವಿ ಬಂತು. ಮರುವರ್ಷ, 1983ರ ಜುಲೈ 15ರಂದು, ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಟಿವಿಯ ಮುಂದೆ ಕೂತು ಆಡಲು ಬೇಕಾದ ಎರಡೂ ಸಾಮಾನು ಹೀಗೆ ವರ್ಷದ ಅಂತರದಲ್ಲಿ ಜಗತ್ತಿಗೆ ಬಂದವು. ಆದರೆ ಎರಡನೆಯದು ಭಾರತಕ್ಕೆ ನೇರ ದಾರಿಯಲ್ಲಿ ಬರಲಿಲ್ಲ. ವಿದೇಶಿ ಎಲೆಕ್ಟ್ರಾನಿಕ್ ಸಾಮಾನಿನ ಮೇಲಿನ ಸುಂಕ ಆ ಕಾಲದಲ್ಲಿ ಸಾಮಾನಿನ ಬೆಲೆಗೇ ಪೈಪೋಟಿ ಕೊಡುವಂತಿತ್ತು. ಬಂದದ್ದು ತೈವಾನ್, ಚೀನಾಗಳಲ್ಲಿ ಫ್ಯಾಮಿಕಾಮ್‌ನ ಚಿಪ್ಪುಗಳನ್ನು ನಕಲು ಮಾಡಿ ಕಟ್ಟಿದ ಡಬ್ಬಿಗಳು. ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್, ಹೀಗೆ ಹೆಸರು ನೂರಿದ್ದರೂ ಒಳಗಿನ ಜೀವ ಒಂದೇ. ಕೆಂಪುಕೋಟೆಯ ಎದುರಿನ ಲಾಜ್‌ಪತ್ ರಾಯ್ ಮಾರ್ಕೆಟ್ಟಿನಂಥ ಸಗಟು ಕಟ್ಟೆಗಳಿಂದ ಇಂಥ ಸಾಮಾನು ಉತ್ತರ ಭಾರತದ ಊರೂರಿಗೆ ಹೋಗುತ್ತಿತ್ತು.

ಮಜಾ ಇರುವುದು ಇಲ್ಲೇ. ನಕಲಿಗಳ ಲೋಕದಲ್ಲಿ "ಹಳೆಯ ಕ್ಯಾಸೆಟ್ ಓಡುತ್ತದಾ" ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಹೌದು ಎಂದೇ ಇತ್ತು. ಫ್ಯಾಮಿಕಾಮ್‌ನ ಕ್ಯಾಸೆಟ್ಟಿಗೆ 60 ಪಿನ್ನುಗಳು. ಅಮೆರಿಕ, ಯುರೋಪುಗಳಿಗಾಗಿ ನಿಂಟೆಂಡೊ ಮಾಡಿದ ಎನ್‌ಇಎಸ್ ಯಂತ್ರದ ಕ್ಯಾಸೆಟ್ಟಿಗೆ 72. ಅಸಲಿ ಕಂಪನಿಯೇ ತನ್ನ ಎರಡು ಯಂತ್ರಗಳ ನಡುವೆ ಗೋಡೆ ಕಟ್ಟಿತ್ತು. ಅಮೆರಿಕದ ಯಂತ್ರದೊಳಗೆ ಬೀಗದ ಚಿಪ್ಪನ್ನೂ ಇಟ್ಟಿತ್ತು. ನಕಲಿನವರಿಗೆ ಅದರ ಗೊಡವೆ ಇರಲಿಲ್ಲ, 60 ಪಿನ್ನಿನ ಲೆಕ್ಕಕ್ಕೇ ಅಂಟಿಕೊಂಡರು. 1990ರಲ್ಲಿ ಕೊಂಡ ಕ್ಯಾಸೆಟ್ 2000ದಲ್ಲಿ ಕೊಂಡ ಡಬ್ಬಿಯಲ್ಲೂ ಓಡಿತು. ಡಬ್ಬಿಯ ಹೊರ ಆಕಾರ ಸೆಗಾ ಯಂತ್ರದಂತೆ, ಆಮೇಲೆ ಪ್ಲೇಸ್ಟೇಷನ್ನಿನಂತೆ ಬದಲಾಗುತ್ತ ಹೋದರೂ ಒಳಗೆ ಅದೇ ಕಾಂಟ್ರಾ, ಅದೇ ಮಾರಿಯೊ, ಅದೇ ಬ್ಯಾಟಲ್ ಸಿಟಿ. ಮೇಲೆ "9999999 ಇನ್ 1" ಎಂದು ಅಚ್ಚು ಹಾಕಿ ಒಳಗೆ ಹತ್ತಾರು ಆಟಗಳನ್ನೇ ತಿರುಗಿಸಿ ತಿರುಗಿಸಿ ಇಟ್ಟ ಕ್ಯಾಸೆಟ್ಟುಗಳ ಮೋಸವನ್ನು ಆ ಕಾಲದ ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಿದ್ದರು, ಆದರೂ ಮುಂದಿನ ಸಲ ಅದನ್ನೇ ಕೊಳ್ಳುತ್ತಿದ್ದರು.

ನೇರ ದಾರಿಯಲ್ಲಿ ಬರಲು ಯತ್ನಿಸಿದವರ ಕಥೆ ಬೇರೆ. ಸೆಗಾ ಕಂಪನಿ 1995ರಲ್ಲಿ, ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವ್ಯಾಲೇಸ್ ಜೊತೆ ಕೈಜೋಡಿಸಿ ಮೆಗಾ ಡ್ರೈವ್ ಯಂತ್ರವನ್ನು ಭಾರತದಲ್ಲಿ ಮಾರಿತು. ಶೇ 80ರ ಆಮದು ಸುಂಕವನ್ನು ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಅದು. ಹಾಗಿದ್ದೂ ಯಂತ್ರದ ಬೆಲೆ 18,000 ರೂಪಾಯಿ. ಆ ವರ್ಷದ ದರದಲ್ಲಿ ಆ ದುಡ್ಡಿಗೆ ಮೂರು ತೊಲ ಚಿನ್ನ ಬರುತ್ತಿತ್ತು. ಚಿನ್ನ ಬಿಟ್ಟು ಮೆಗಾ ಡ್ರೈವ್ ತಂದ ಅಪ್ಪಂದಿರು ಹೆಚ್ಚು ಜನ ಇದ್ದಿರಲಾರರು.

ಇತ್ತ ಹೊರಗಿನ ಜಗತ್ತಿನಲ್ಲಿ ಹಳೆಯ ಆಟ ಆಡಿಸುವುದು ವ್ಯಾಪಾರದ ಅಸ್ತ್ರವಾಗುತ್ತಿತ್ತು. ಅಟಾರಿ ಕಂಪನಿಯ 7800 ಯಂತ್ರ 1986ರಷ್ಟು ಹಿಂದೆಯೇ ತನ್ನ ಅಣ್ಣನಾದ 2600ರ ಆಟಗಳನ್ನು ಆಡಿಸುತ್ತಿತ್ತು. ಆದರೆ ಈ ಗುಣ ಮನೆಮಾತಾದದ್ದು 2000ದ ಮಾರ್ಚ್ 4ರಂದು ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2ರಿಂದ. ಸೋನಿಯ ಎಂಜಿನಿಯರುಗಳು ಜಾಣತನದ ಕೆಲಸ ಮಾಡಿದ್ದರು. ಮೊದಲ ಪ್ಲೇಸ್ಟೇಷನ್ನಿನ ಪ್ರೊಸೆಸರನ್ನೇ ಹೊಸ ಯಂತ್ರದೊಳಗೆ ಕೂರಿಸಿ, ಹೊಸ ಆಟ ನಡೆಯುವಾಗ ಕಂಟ್ರೋಲರ್, ಡಿಸ್ಕ್ ಡ್ರೈವ್‌ಗಳ ಉಸ್ತುವಾರಿಯನ್ನು ಅದಕ್ಕೆ ವಹಿಸಿದರು. ಹಳೆಯ ಡಿಸ್ಕ್ ಹಾಕಿದರೆ ಅದು ಎಚ್ಚೆತ್ತು ತನ್ನ ಹಳೆಯ ಕಸುಬಿಗೆ ಇಳಿಯುತ್ತಿತ್ತು. ನಿವೃತ್ತ ಮೇಷ್ಟ್ರನ್ನು ಶಾಲೆಯ ಉಗ್ರಾಣಕ್ಕೆ ನೇಮಿಸಿ, ಬೇಕೆಂದಾಗ ಪಾಠಕ್ಕೂ ಕರೆದಂತೆ.

ಪಿಎಸ್2 ದೆಹಲಿಗೆ ಬಂದಾಗ ಭಾರತದ ಆಮದು ನೀತಿಯೂ ಸಡಿಲವಾಗಿತ್ತು. ಆಮದಿನ ಮೇಲೆ ಉಳಿದಿದ್ದ ಪ್ರಮಾಣದ ನಿರ್ಬಂಧಗಳು 2001ರ ಏಪ್ರಿಲ್ 1ರಂದು ತೆರವಾದವು. ಪಾಲಿಕಾ ಬಜಾರ್, ನೆಹರೂ ಪ್ಲೇಸ್‌ಗಳಲ್ಲಿ ಯಂತ್ರದ ಜೊತೆ ಇನ್ನೊಂದು ಸೇವೆಯೂ ಸಿಗುತ್ತಿತ್ತು, "ಚಿಪ್ ಹಾಕಿಸುವುದು". ಯಂತ್ರ ಬಿಚ್ಚಿ ಒಂದು ಚಿಕ್ಕ ಚಿಪ್ಪನ್ನು ಬೆಸುಗೆ ಹಾಕಿದರೆ ಅದು ನಕಲು ಡಿಸ್ಕನ್ನೂ ಅಸಲಿ ಎಂದು ನಂಬುತ್ತಿತ್ತು. ಅಸಲಿ ಡಿಸ್ಕಿನ ಬೆಲೆಯ ಸಣ್ಣದೊಂದು ಪಾಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ಆಟ ಕೈಗೆ ಬರುತ್ತಿತ್ತು. ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ ಹೊರಡಿಸುವ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ದೆಹಲಿಯ ಈ ಎರಡೂ ಹೆಸರು ಸೇರಿದ್ದವು. ಅಮೆರಿಕದ ನೆಂಟರು ತಂದುಕೊಟ್ಟ ಯಂತ್ರಗಳದು ಬೇರೆ ಪಾಡು. ಅಲ್ಲಿನ ಪಿಎಸ್2 120 ವೋಲ್ಟಿನದು, ಇಲ್ಲಿನ ಗೋಡೆಯ ಪ್ಲಗ್ಗಿನಲ್ಲಿ 230. ನಡುವೆ ಟ್ರಾನ್ಸ್‌ಫಾರ್ಮರ್ ಇಡದೆ ಸಿಕ್ಕಿಸಿದರೆ ಕಥೆ ಅಲ್ಲಿಗೇ ಮುಗಿಯಿತು.

ಈ ಅಗ್ಗದ ಸಂತೋಷದ ಲೆಕ್ಕ ಚುಕ್ತಾ ಆದದ್ದು ಪಿಎಸ್3 ಬಂದಾಗ. 2006ರಲ್ಲಿ ಜಪಾನ್, ಅಮೆರಿಕಗಳಲ್ಲಿ ಹೊರಬಂದ ಮೊದಲ ಪಿಎಸ್3ಗಳ ಒಳಗೆ ಪಿಎಸ್2ರ ಮುಖ್ಯ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ಪುಗಳೆರಡೂ ಇದ್ದವು. 2007ರ ಮಾರ್ಚಿನಲ್ಲಿ ಯುರೋಪಿಗೆ ಬಂದ ಯಂತ್ರದಲ್ಲಿ ಗ್ರಾಫಿಕ್ಸ್ ಚಿಪ್ ಮಾತ್ರ ಉಳಿಯಿತು, ಉಳಿದದ್ದನ್ನು ಸಾಫ್ಟ್‌ವೇರ್ ಅಭಿನಯಿಸುತ್ತಿತ್ತು. ಅದೇ ವರ್ಷದ ಕೊನೆಗೆ ಬಂದ 40 ಜಿಬಿ ಮಾದರಿಯಲ್ಲಿ ಪಿಎಸ್2 ಆಟ ಆಡಿಸುವ ಗುಣವನ್ನೇ ಕಿತ್ತುಹಾಕಿದರು. ಖರ್ಚು ಉಳಿಸಬೇಕಿತ್ತು, ಅಷ್ಟೆ. ವಿಚಿತ್ರವೆಂದರೆ ಇನ್ನೂ ಹಳೆಯ ಪಿಎಸ್1ರ ಡಿಸ್ಕುಗಳು ಕೊನೆಯ ಪಿಎಸ್3ರ ತನಕವೂ ಓಡಿದವು. ಅಜ್ಜನಿಗೆ ಮನೆಯಲ್ಲಿ ಜಾಗವಿತ್ತು, ಅಪ್ಪನಿಗೆ ಇರಲಿಲ್ಲ.

ಆದರೆ ದೆಹಲಿಯ ಗ್ರಾಹಕನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಹಳೆಯ ಆಟ ಆಡಿಸುತ್ತೇವೆ ಎಂದು ಕಂಪನಿಗಳು ಹೇಳುವಾಗ ಅವು ಹೇಳುವುದು ಅಸಲಿ ಡಿಸ್ಕಿನ ಮಾತು. ಪಾಲಿಕಾದ ಚೀಲ ತುಂಬ ಇದ್ದದ್ದು ಬರೆದ ಡಿಸ್ಕುಗಳು. ಅವು ಚಿಪ್ ಹಾಕಿದ ಆ ಒಂದು ಯಂತ್ರದಲ್ಲಿ ಮಾತ್ರ ಓಡುತ್ತಿದ್ದವು. ಹೊಸ ಯಂತ್ರ ಎಷ್ಟೇ ಉದಾರವಾಗಿದ್ದರೂ ಅವಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ. ಅಮೆರಿಕದ ಹುಡುಗನೊಬ್ಬ ಪಿಎಸ್3 ಕೊಳ್ಳುವಾಗ ಯಾವ ಮಾದರಿ ಎಂದು ತಲೆಕೆಡಿಸಿಕೊಂಡರೆ ಅದಕ್ಕೆ ಅರ್ಥವಿತ್ತು. ದೆಹಲಿಯ ಹುಡುಗನಿಗೆ ಬಹುಮಟ್ಟಿಗೆ ಆ ಆಯ್ಕೆಯೇ ಇರಲಿಲ್ಲ. ಹಳೆಯ ಪಿಎಸ್2 ಅನ್ನು ಟಿವಿಯ ಕೆಳಗೆ ಹಾಗೆಯೇ ಉಳಿಸಿಕೊಂಡ. ಯಂತ್ರದ ಬೀಗ ಮುರಿದು ಮಾರುವವರ ವಿರುದ್ಧ ಸೋನಿ 2012ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಪಿಎಸ್2ರ ಭರಾಟೆ ಆಗಲೇ ಇಳಿದಿತ್ತು, 2013ರ ಜನವರಿಯ ಹೊತ್ತಿಗೆ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು.

ಈ ಇತಿಹಾಸದ ಅತ್ಯಂತ ನೋವಿನ ತುಣುಕು ಭಾರತದ್ದೇ ಆಟಗಳಿಗೆ ಸಂಬಂಧಿಸಿದ್ದು. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ 'ಹನುಮಾನ್: ಬಾಯ್ ವಾರಿಯರ್' ಎಂಬ ಆಟವನ್ನು ತಂದಿತು. ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಕನ್ಸೋಲ್ ಆಟವೆಂದು ಅದನ್ನು ಕರೆದರು. ಅದೇ ವರ್ಷ ಕಬಡ್ಡಿ, ಗಾಳಿಪಟಗಳಂಥ ನಮ್ಮ ಬೀದಿಯಾಟಗಳನ್ನು ಒಟ್ಟುಮಾಡಿದ 'ದೇಸಿ ಅಡ್ಡಾ' ಬಂತು. 2013ರಲ್ಲಿ ಶಾರುಖ್ ಖಾನ್ ಸಿನಿಮಾದ ಹೆಸರಿನ 'ಡಾನ್ 2' ಬಂತು. ಇವೆಲ್ಲ ಬಂದದ್ದು ಪಿಎಸ್2ಕ್ಕೆ, ಏಕೆಂದರೆ ಭಾರತದ ಮನೆಗಳಲ್ಲಿ ಇದ್ದದ್ದು ಅದೇ. ಆದರೆ ಆ ಹೊತ್ತಿಗೆ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತಿದ್ದ ಪಿಎಸ್3 ಆ ಡಿಸ್ಕುಗಳನ್ನು ಓಡಿಸುತ್ತಿರಲಿಲ್ಲ. ಪಿಎಸ್4, ಪಿಎಸ್5ಗಳಂತೂ ಪಿಎಸ್2ರ ಡಿಸ್ಕನ್ನು ಗುರುತಿಸುವುದೂ ಇಲ್ಲ. ಆಟಗಳಾಗಿ ಇವು ಸಾಧಾರಣವೇ, ಹೊಗಳುವ ಅಗತ್ಯವಿಲ್ಲ. ಆದರೆ ಒಂದು ದೇಶದ ಮೊದಲ ಪ್ರಯತ್ನಗಳು ನೋಡಲೂ ಸಿಗದಂತಾಗುವುದು ಸಾಧಾರಣ ಸಂಗತಿಯಲ್ಲ. ಅಮೆರಿಕದಲ್ಲೇ ಹಳೆಯ ಆಟಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತ್ತು.

ಪಿಎಸ್3ರ ಆಟಗಳ ಪಾಡು ಇನ್ನೊಂದು ಬಗೆ. ಅದರ ಸೆಲ್ ಪ್ರೊಸೆಸರಿನಲ್ಲಿ ಒಂದು ಮುಖ್ಯ ಕೋರು, ಅದರ ಸುತ್ತ ಸಣ್ಣ ಲೆಕ್ಕಿಗರಂತೆ ದುಡಿಯುವ ಎಂಟು ಉಪಕೋರುಗಳು. ಅವುಗಳಲ್ಲಿ ಆರು ಮಾತ್ರ ಆಟಕ್ಕೆ ಲಭ್ಯ. ಈ ವಿಚಿತ್ರ ಸಂಸಾರಕ್ಕೆಂದೇ ಬರೆದ ಆಟವನ್ನು ಬೇರೆ ಪ್ರೊಸೆಸರಿನಲ್ಲಿ ನಡೆಸುವುದು ಬಲು ಕಷ್ಟ. ಸೋನಿ ಅದಕ್ಕೆ ಕಂಡುಕೊಂಡ ದಾರಿ, ಪಿಎಸ್3 ಆಟಗಳನ್ನು ದೂರದ ಸರ್ವರಿನಲ್ಲಿ ಓಡಿಸಿ ಚಿತ್ರವನ್ನಷ್ಟೇ ಮನೆಗೆ ಕಳಿಸುವುದು. 2022ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಚಂದಾ ಯೋಜನೆ ಹೊಸ ರೂಪ ತಾಳಿದಾಗ ಈ ಸೌಲಭ್ಯ ಪ್ರೀಮಿಯಂ ಎಂಬ ಮೇಲಿನ ಹಂತಕ್ಕೆ ಸೇರಿತು. ಭಾರತಕ್ಕೆ ಸಿಕ್ಕಿದ್ದು ಸ್ಟ್ರೀಮಿಂಗ್ ಇಲ್ಲದ ಡೀಲಕ್ಸ್ ಹಂತ. ಪಿಎಸ್1, ಪಿಎಸ್2ರ ಕೆಲವು ಆಯ್ದ ಆಟಗಳು ಅದರಲ್ಲುಂಟು, ಪಿಎಸ್3ರವು ಇಲ್ಲ. ನೋಯ್ಡಾದಲ್ಲಿ 2021ರ ಫೆಬ್ರುವರಿ 2ರಂದೇ 49,990 ರೂಪಾಯಿ ಕೊಟ್ಟು ಪಿಎಸ್5 ತಂದವರ ಮನೆಯಲ್ಲಿ ಪಿಎಸ್4ರ ಬಹುತೇಕ ಎಲ್ಲ ಆಟ ಸುಲಲಿತವಾಗಿ ಓಡುತ್ತದೆ. ಅದಕ್ಕಿಂತ ಹಿಂದಿನ ಅಸಲಿ ಡಿಸ್ಕುಗಳು ಕಪಾಟಿನಲ್ಲೇ ಕೂರಬೇಕು.

ಮೈಕ್ರೋಸಾಫ್ಟ್ ಈ ವಿಷಯದಲ್ಲಿ ಹೆಚ್ಚು ಗೌರವಕ್ಕೆ ಪಾತ್ರ. 2006ರ ಸೆಪ್ಟೆಂಬರಿನಲ್ಲಿ ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಅವರನ್ನು ಮುಂದಿಟ್ಟುಕೊಂಡು ಎಕ್ಸ್‌ಬಾಕ್ಸ್ 360 ಭಾರತಕ್ಕೆ ಬಂದಿತ್ತು. ಅತಿಯಾಗಿ ಬಿಸಿಯಾಗಿ ಕೆಂಪು ದೀಪ ಉರಿಸಿಕೊಂಡು ಸಾಯುವ ಅದರ ರೋಗ ಜಗತ್ತಿನೆಲ್ಲೆಡೆ ಕುಖ್ಯಾತ. 2007ರಲ್ಲಿ ಕಂಪನಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಡಬೇಕಾಯಿತು. 45 ಡಿಗ್ರಿಯ ದೆಹಲಿಯ ಜೂನ್ ಅಂಥ ಯಂತ್ರಕ್ಕೆ ಹೇಳಿಮಾಡಿಸಿದ ಹವೆಯಂತೂ ಅಲ್ಲ. ಆದರೆ 2015ರ ನವೆಂಬರಿನಿಂದ ಎಕ್ಸ್‌ಬಾಕ್ಸ್ ಒನ್ ಯಂತ್ರ 360ರ ಆಟಗಳನ್ನು ಆಡಿಸತೊಡಗಿತು, 2017ರಲ್ಲಿ ಮೊಟ್ಟಮೊದಲ ಎಕ್ಸ್‌ಬಾಕ್ಸ್‌ನ ಆಟಗಳೂ ಸೇರಿದವು. ಹಳೆಯ ಡಿಸ್ಕ್ ಇಲ್ಲಿ ಕೀಲಿಕೈ ಮಾತ್ರ. ಅದನ್ನು ಹಾಕಿದರೆ ಹೊಸ ಯಂತ್ರಕ್ಕೆ ಹೊಂದಿಸಿದ ಆವೃತ್ತಿ ಇಂಟರ್‌ನೆಟ್ಟಿನಿಂದ ಇಳಿಯುತ್ತದೆ. 2021ರ ನವೆಂಬರಿನಲ್ಲಿ ಕೊನೆಯ ಕಂತು ಸೇರಿಸಿ ಕಂಪನಿ ಆ ಪಟ್ಟಿಯನ್ನು ಮುಚ್ಚಿತು. ಹೀಗಾಗಿ ಅಸಲಿ ಎಕ್ಸ್‌ಬಾಕ್ಸ್ ಡಿಸ್ಕುಗಳಿರುವವರು ಕೊಳ್ಳಬೇಕಾದದ್ದು ಸೀರೀಸ್ ಎಕ್ಸ್, ಅದೂ ಡಿಸ್ಕ್ ಡ್ರೈವ್ ಇರುವ ಮಾದರಿ. ಅಗ್ಗವೆಂದು ಸೀರೀಸ್ ಎಸ್ ತಂದರೆ ಡಿಸ್ಕ್ ತೂರಿಸಲು ಅದರಲ್ಲಿ ಸೀಳೇ ಇಲ್ಲ.

ಯಂತ್ರವನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸುವ ಎಮ್ಯುಲೇಟರ್ ಮೂರನೆಯ ದಾರಿ. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಕನೆಕ್ಟಿಕ್ಸ್ ಪರ ನಿಂತಿತು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಕೂಡ, ನ್ಯಾಯವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಮಿಗೆ ಹಾಳಾಗದಂತೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿ ತಂದ 65ಎ ಕಲಮು ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಎರಡು ಕಲಮುಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಹಳೆಯ ಆಟದ ಪ್ರೇಮಿ ನಿಂತಿದ್ದಾನೆ. ಸಾವಿರಾರು ಆಟ ತುಂಬಿ ಮಾರುವ ಚೀನೀ ಕೈಯಂತ್ರಗಳಿಗೆ ಆ ಓಣಿಯ ಹಂಗೇ ಇಲ್ಲ.

ಇಂದು ಸೆಕೆಂಡ್‌ಹ್ಯಾಂಡ್ ಪಿಎಸ್2 ಅಥವಾ ಪಿಎಸ್3 ಹುಡುಕುವವರು ನೋಡಬೇಕಾದದ್ದು ಹೊರಗಿನ ಹೊಳಪನ್ನಲ್ಲ. ಡಿಸ್ಕ್ ಓದುವ ಲೇಸರ್ ಸವೆದಿರುತ್ತದೆ, ಫ್ಯಾನಿನಲ್ಲಿ ದೆಹಲಿಯ ಧೂಳು ಗಟ್ಟಿಯಾಗಿರುತ್ತದೆ. ತಮ್ಮದೇ ಡಿಸ್ಕೊಂದನ್ನು ಒಯ್ದು ಅಂಗಡಿಯಲ್ಲೇ ಅರ್ಧ ಗಂಟೆ ಆಡಿ ನೋಡುವುದು ಒಳ್ಳೆಯದು. ಪಿಎಸ್3ರ ಡಿಸ್ಕುಗಳಿಗೆ ದೇಶದ ಗಡಿಯ ಕಾಟ ಬಹುಮಟ್ಟಿಗೆ ಇಲ್ಲ, ಆದರೆ ಅದೇ ಯಂತ್ರದಲ್ಲಿ ಪಿಎಸ್1ರ ಡಿಸ್ಕ್ ಹಾಕಿದರೆ ಗಡಿ ಅಡ್ಡ ಬರುತ್ತದೆ.

ಎಲ್ಲಕ್ಕಿಂತ ಹಳೆಯದಾದ ಫ್ಯಾಮಿಕಾಮ್ ನಕಲು ಮಾತ್ರ ಇಂದಿಗೂ ಹೊಸದಾಗಿಯೇ ಸಿಗುತ್ತದೆ. ಆದರೆ ಅದರ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಂದೂಕಿನಿಂದ ಬಾತುಕೋಳಿ ಹೊಡೆಯಲು ಹೊರಟರೆ ಒಂದೂ ಬೀಳುವುದಿಲ್ಲ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ತುದಿಯ ಕಣ್ಣು ಆ ಮಿಂಚನ್ನು ಅದೇ ಕ್ಷಣಕ್ಕೆ ಹಿಡಿಯಬೇಕು. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಅದು ತಡವಿಲ್ಲದೆ ಮೂಡುತ್ತಿತ್ತು. ಇಂದಿನ ಚಪ್ಪಟೆ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ತಡವಾಗಿರುತ್ತದೆ. ಟ್ಯೂಬಿನ ಟಿವಿಗಳು ಈಗ ಹೋಗುವುದು ಯಮುನೆಯ ಆಚೆ, ಸೀಲಂಪುರದ ಗುಜರಿ ಗಲ್ಲಿಗಳಿಗೆ. ಅಲ್ಲಿ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ತಂತಿಯನ್ನು ಬಿಚ್ಚಿ ಕಿಲೊ ಲೆಕ್ಕದಲ್ಲಿ ತೂಗುತ್ತಾರೆ.