ಮೂಗಿನ ತುದಿಯ ಅಳತೆ

ಅಪ್ಪನ ಯೆಜ್ಡಿಗೆ ವಿಂಡ್‌ಶೀಲ್ಡ್ ಅನ್ನೋದೇ ಇರಲಿಲ್ಲ. ಚಳಿಗಾಲದಲ್ಲಿ ಹೊರಡುವಾಗ ಹಳೇ ಪೇಪರ್ ಮಡಚಿ ಅಂಗಿಯೊಳಗೆ ಎದೆಗೆ ಇಟ್ಕೊಳ್ತಿದ್ದರು. ನಾನು ಸಂಬಳ ಎಣಿಸೋ ಕಾಲಕ್ಕೆ ನನ್ನ ಬೈಕಿಗೆ ಅಂಗಡಿಯಲ್ಲಿದ್ದ ಅತಿ ಎತ್ತರದ ಶೀಲ್ಡ್ ಹಾಕಿಸಿದೆ. ಎತ್ತರ ಇದ್ದಷ್ಟೂ ಒಳ್ಳೇದು ಅನ್ನೋದು ನನ್ನ ಲೆಕ್ಕ.

ಒಂದು ಶನಿವಾರ ರಾತ್ರಿ, ಹೈವೇ ಬಿಟ್ಟು ನಮ್ಮೂರಿನ ರಸ್ತೆಗೆ ತಿರುಗಿದಾಗ ಮಳೆ ಹಿಡಿಯಿತು. ಎದುರಿಂದ ಬಂದ ಲಾರಿಯ ಬೆಳಕು ಶೀಲ್ಡಿನ ಹನಿಗಳಲ್ಲೆಲ್ಲ ಚೆದುರಿ, ಮುಂದೆ ಬರೀ ಬಿಳುಪು. ರಸ್ತೆಯಲ್ಲಿ ನಿಂತಿದ್ದ ಎಮ್ಮೆ ಕಂಡದ್ದು ಕೊನೇ ಗಳಿಗೆಯಲ್ಲಿ. ಬೀಳಲಿಲ್ಲ. ಆದರೆ ಕಾಲಿನ ನಡುಕ ನಿಲ್ಲೋಕೆ ಬಹಳ ಹೊತ್ತು ಬೇಕಾಯ್ತು. ಈ ಪ್ಲಾಸ್ಟಿಕ್ ಹಾಳೆಯ ಚರಿತ್ರೆ ಓದೋಕೆ ಶುರು ಮಾಡಿದ್ದು ಆಮೇಲೆ.

ಬೈಕಿನ ಮೇಲೆ ಗಾಳಿ ಏನು ಮಾಡುತ್ತೆ ಅಂತ ತಲೆ ಕೆಡಿಸಿಕೊಂಡವರಲ್ಲಿ ರೇಸಿನವರು ಮುಂದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಇಟಲಿಯ ಮೋಟೊ ಗುಝಿ 1950ರಲ್ಲೇ ತನ್ನ ಕಾರ್ಖಾನೆಯಲ್ಲಿ ಗಾಳಿ ಸುರಂಗ ಕಟ್ಟಿಸಿತ್ತು. ಮುಂದಿನ ಚಕ್ರವನ್ನೂ ನುಂಗುವ 'ಡಸ್ಟ್‌ಬಿನ್' ಕವಚಗಳು ಆ ಕಾಲದವು. ಅಡ್ಡಗಾಳಿ ಬೀಸಿದರೆ ಬೈಕು ಹತೋಟಿ ತಪ್ಪುವ ಅಪಾಯ ಇತ್ತು. 1957ರ ರೇಸುಗಳು ಮುಗಿದ ಮೇಲೆ ಎಫ್‌ಐಎಂ ಸಂಸ್ಥೆ ಅವನ್ನು ನಿಷೇಧಿಸಿತು. ರೇಸಿನವನು ಟ್ಯಾಂಕಿನ ಮೇಲೆ ಮಲಗಿಬಿಡ್ತಾನೆ, ಅವನಿಗೆ ಗಿಡ್ಡ ಗಾಜು ಸಾಕು. ದಿನವಿಡೀ ನೆಟ್ಟಗೆ ಕೂತು ಓಡಿಸುವವರ ಗತಿ?

ಹೋಂಡಾ 1975ರಲ್ಲಿ ಮಾರುಕಟ್ಟೆಗೆ ತಂದ ಗೋಲ್ಡ್ ವಿಂಗ್ ದೂರದ ದಾರಿಯ ಬೈಕೇ ಆಗಿದ್ದರೂ ಬೋಳಾಗಿತ್ತು. ಅಮೆರಿಕದ ಸವಾರರು ಇಲಿನಾಯ್‌ನ ಕ್ರೇಗ್ ವೆಟ್ಟರ್ ಮಾಡಿದ 'ವಿಂಡ್‌ಜಾಮರ್' ತಂದು ಬೋಲ್ಟ್ ಹಾಕಿಕೊಂಡರು. ಹೋಂಡಾ ತಾನೇ ಕವಚ ಕೂಡಿಸಿದ ಇಂಟರ್‌ಸ್ಟೇಟ್ ಬಿಟ್ಟದ್ದು 1980ರಲ್ಲಿ.

ನನಗೆ ಪಾಠ ಹೇಳಿದ್ದು ಮಾತ್ರ ಬಿಎಂಡಬ್ಲ್ಯು ಕಥೆ. 1976ರ ಆರ್100ಆರ್‌ಎಸ್ ಬೈಕಿನ ಕವಚ ಪಿನಿನ್‌ಫರಿನಾದ ಗಾಳಿ ಸುರಂಗದಲ್ಲಿ ರೂಪ ತಳೆದದ್ದು. ಮುಂದಕ್ಕೆ ಬಾಗಿ ಓಡಿಸುವವರಿಗೆ ಅಂತ ಅದರ ಗಾಜು ಗಿಡ್ಡ. 1978ರಲ್ಲಿ ಅದೇ ಎಂಜಿನ್ನಿಗೆ ಎತ್ತರದ ಗಾಜು, ಎತ್ತರದ ಹ್ಯಾಂಡಲ್ ಕೊಟ್ಟು ಆರ್100ಆರ್‌ಟಿ ತಂದರು, ನೆಟ್ಟಗೆ ಕೂರುವವರಿಗೆ. ಎಂಜಿನ್ ಒಂದೇ, ಕೂರುವ ಭಂಗಿ ಬೇರೆ, ಗಾಜೂ ಬೇರೆ. 1990ರ ದಶಕದ ಹೊತ್ತಿಗೆ ಗುಂಡಿ ಒತ್ತಿದರೆ ಏರಿಳಿಯುವ ಗಾಜೇ ಬಂತು. ಒಬ್ಬರ ಅಳತೆ ಇನ್ನೊಬ್ಬರಿಗೆ ಆಗಲ್ಲ ಅಂತ ಕಂಪನಿಯೇ ಒಪ್ಪಿಕೊಂಡಂತಾಯ್ತು.

ಗಾಳಿ ಗಾಜಿನ ಅಂಚಿಗೆ ನಿಲ್ಲಲ್ಲ, ಅಲ್ಲಿಂದ ಮೇಲಕ್ಕೆ ಚಿಮ್ಮುತ್ತೆ. ಅಂಚು ತೀರಾ ಕೆಳಗಿದ್ದರೆ ಗಾಳಿಯೆಲ್ಲ ಎದೆಗೆ. ಇನ್ನೊಂಚೂರು ಮೇಲಾದರೆ ಅಂಚಿನ ಸುಳಿಗಾಳಿ ನೇರ ಹೆಲ್ಮೆಟ್ಟಿಗೆ ಬಡಿದು ತಲೆ ಗದಗದ ಅಲ್ಲಾಡುತ್ತೆ. ಕಣ್ಣಿಗಿಂತ ಮೇಲಿದ್ದರೆ ನನ್ನ ಎಮ್ಮೆ ಕಥೆ. ಹಳೇ ಸವಾರರ ಲೆಕ್ಕ ಸುಲಭ: ಹೆಲ್ಮೆಟ್ ಹಾಕಿ, ದಿನಾ ಕೂರುವ ಹಾಗೇ ಕೂತಾಗ ಗಾಜಿನ ಅಂಚು ಮೂಗಿನ ತುದಿಯ ಮಟ್ಟಕ್ಕಿರಬೇಕು. ಆಗ ಕಣ್ಣು ಗಾಜಿನ ಮೇಲಿಂದ ನೋಡುತ್ತೆ, ಗಾಳಿ ತಲೆಯ ಮೇಲೆ ಹಾರಿಹೋಗುತ್ತೆ.

ನಾನು ಬೈಕ್ ಮೇಲೆ ಕೂತೆ, ಅಪ್ಪ ಟೇಪ್ ಹಿಡಿದರು. ಕಣ್ಣಿಗಿಂತ ಎರಡಿಂಚು ಮೇಲಿತ್ತು. "ಪೇಪರ್‌ಗೂ ಅಳತೆ ಇತ್ತು ಕಣೋ, ಗಂಟಲಿಗೆ ತಾಗಿದ್ರೆ ಚುಚ್ಚೋದು" ಅಂದರು. ಆ ವಾರವೇ ಗಿಡ್ಡದ್ದು ಹಾಕಿಸಿದೆ.