ಬೆಂಗಳೂರಿಗೆ ಹೊಸಬರೇ? ಬಸ್, ಮೆಟ್ರೊ ಹತ್ತುವ ಮುನ್ನ ತಿಳಿದಿರಲಿ

ಬೆಂಗಳೂರು: ನಸುಕಿನ ನಾಲ್ಕು ಗಂಟೆ. ಬೀದರ್, ಬೆಳಗಾವಿ, ಮಂಗಳೂರು, ಶಿವಮೊಗ್ಗ ಕಡೆಯಿಂದ ಹೊರಟ ರಾತ್ರಿ ಬಸ್ಸುಗಳು ಮೆಜೆಸ್ಟಿಕ್ ತಲುಪುವ ಹೊತ್ತು. ಕೆಲಸದ ಸಂದರ್ಶನಕ್ಕೆ ಬಂದ ಯುವಕ, ಆಸ್ಪತ್ರೆಗೆ ಬಂದ ವೃದ್ಧ ದಂಪತಿ, ಕಾಲೇಜು ಸೇರಲು ಬಂದ ವಿದ್ಯಾರ್ಥಿನಿ ಹೀಗೆ ಎಲ್ಲರೂ ಇಲ್ಲಿ ಇಳಿಯುತ್ತಾರೆ. ಬ್ಯಾಗು ಹೆಗಲಿಗೇರಿಸುವ ಮುನ್ನವೇ ‘ಎಲ್ಲಿಗೆ ಸಾರ್?’ ಎಂಬ ಪ್ರಶ್ನೆ ಎದುರಾಗುತ್ತದೆ. ದಾರಿ ಗೊತ್ತಿಲ್ಲದವರು ಮೊದಲ ದಿನವೇ ನೂರಾರು ರೂಪಾಯಿ ಕಳೆದುಕೊಳ್ಳುವುದು ಇಲ್ಲಿಯೇ. ಹಣ ಹೋದರೆ ಹೋಗಲಿ, ತಪ್ಪು ಬಸ್ ಹತ್ತಿ ಸಂದರ್ಶನದ ವೇಳೆ ಮೀರಿದರೆ ಊರಿಂದ ಬಂದ ಉದ್ದೇಶವೇ ವ್ಯರ್ಥ.

ಆದರೆ ಈ ನಗರದ ಸಾರಿಗೆ ಮೇಲ್ನೋಟಕ್ಕೆ ಕಾಣುವಷ್ಟು ಜಟಿಲವೇನಲ್ಲ. ಯಾವ ಜಾಗದಲ್ಲಿ ಇಳಿಯಬೇಕು, ಯಾವ ಸಂಖ್ಯೆಯ ಬಸ್ ಹತ್ತಬೇಕು, ಎಷ್ಟು ಗಂಟೆಗೆ ಹೊರಡಬೇಕು ಎಂಬ ಮೂರು ಸಂಗತಿ ತಿಳಿದರೆ ಅರ್ಧ ಆತಂಕ ಕಳೆದಂತೆ.

ಮೆಜೆಸ್ಟಿಕ್‌ವರೆಗೆ ಹೋಗಲೇಬೇಕೆ?

ಹಿಂದೊಮ್ಮೆ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಜನರ ಬಾಯಲ್ಲಿ ಅದು ಮೆಜೆಸ್ಟಿಕ್. ಹೊರ ಊರುಗಳ ಬಸ್ಸುಗಳಿಗೂ ನಗರ ಸಾರಿಗೆ ಬಸ್ಸುಗಳಿಗೂ ಇಲ್ಲಿ ಪ್ರತ್ಯೇಕ ಭಾಗಗಳಿವೆ. ಎದುರಿಗೇ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ನೆಲದಡಿ ಮೆಟ್ರೊ. ಹೀಗಾಗಿ ಎಲ್ಲ ಪಯಣವೂ ಮೆಜೆಸ್ಟಿಕ್‌ನಿಂದಲೇ ಶುರುವಾಗಬೇಕೆಂದು ಹೊಸಬರು ಭಾವಿಸುತ್ತಾರೆ. ಇದು ಈಗ ಅನಿವಾರ್ಯವಲ್ಲ.

ತುಮಕೂರು ರಸ್ತೆಯಲ್ಲಿ ಬರುವ ಉತ್ತರ ಕರ್ನಾಟಕ, ಮಧ್ಯ ಕರ್ನಾಟಕದ ಪ್ರಯಾಣಿಕರು ಜಾಲಹಳ್ಳಿ ಕ್ರಾಸ್ ಅಥವಾ ಗೊರಗುಂಟೆಪಾಳ್ಯದಲ್ಲೇ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. ಮೈಸೂರು ಕಡೆಯಿಂದ ಬರುವವರಿಗೆ ಕೆಂಗೇರಿಯಲ್ಲಿ ನೇರಳೆ ಮಾರ್ಗ ಸಿಗುತ್ತದೆ. ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್ ರೈಲು ನಿಲ್ದಾಣಗಳ ಪಕ್ಕದಲ್ಲೂ ಇದೇ ಮಾರ್ಗದ ನಿಲ್ದಾಣಗಳಿವೆ.

ಎಚ್ಚರ ವಹಿಸಬೇಕಾದ ಜಾಗವೂ ಒಂದಿದೆ. 2022ರ ಜೂನ್‌ನಲ್ಲಿ ಸಂಚಾರ ಆರಂಭಿಸಿದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇರುವುದು ಬೈಯಪ್ಪನಹಳ್ಳಿಯಲ್ಲಿ. ಹೆಸರು ಒಂದೇ ಎಂದು ಬೈಯಪ್ಪನಹಳ್ಳಿ ಮೆಟ್ರೊ ಅದಕ್ಕೆ ಅಂಟಿಕೊಂಡಿದೆ ಎಂದು ತಿಳಿಯಬಾರದು. ನಡುವಿನ ದಾರಿಗೆ ಬಸ್ ಅಥವಾ ಆಟೊ ಬೇಕು. ರೈಲು ಟಿಕೆಟ್ ಮೇಲೆ ಯಾವ ನಿಲ್ದಾಣದ ಹೆಸರಿದೆ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳುವುದು ಲೇಸು.

ಊರ ಹೆಸರಿಗಿಂತ ಸಂಖ್ಯೆ ಮುಖ್ಯ

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ (ಬಿಎಂಟಿಸಿ) ರೂಪುಗೊಂಡದ್ದು 1997ರಲ್ಲಿ. ಹಳಬರು ಈಗಲೂ ಅದನ್ನು ಬಿಟಿಎಸ್ ಎನ್ನುವುದುಂಟು. ಮೆಜೆಸ್ಟಿಕ್, ಕೃಷ್ಣರಾಜ ಮಾರುಕಟ್ಟೆ ಮತ್ತು ಶಿವಾಜಿನಗರ ಇದರ ಹಳೆಯ ಕೇಂದ್ರಗಳು. ‘ಮಾರತ್‌ಹಳ್ಳಿಗೆ ಹೋಗುತ್ತಾ?’ ಎಂದು ಕೇಳಿದರೆ ಹೌದೆನ್ನುವ ಬಸ್ಸುಗಳು ಹಲವು. ಆದರೆ ದಾರಿ ಬೇರೆ, ತಗಲುವ ಸಮಯ ಬೇರೆ. ಆದ್ದರಿಂದ ಮಾರ್ಗಸಂಖ್ಯೆ ಕೇಳಿಕೊಳ್ಳಬೇಕು. ದೊಡ್ಡ ನಿಲ್ದಾಣವಾದರೆ ಬಸ್ ನಿಲ್ಲುವ ಅಂಕಣವನ್ನೂ ವಿಚಾರಿಸಬೇಕು.

335-ಇ ಮೆಜೆಸ್ಟಿಕ್‌ನಿಂದ ಕಾಡುಗೋಡಿಯತ್ತ ಸಾಗಿದರೆ, 356 ಸರಣಿಯದು ಹೊಸೂರು ರಸ್ತೆ. ಹೆಬ್ಬಾಳ ಮತ್ತು ಸಿಲ್ಕ್ ಬೋರ್ಡ್ ನಡುವಿನ 500-ಡಿ ಹೊರವರ್ತುಲ ರಸ್ತೆಯಲ್ಲೇ ಓಡುತ್ತದೆ, ಮೆಜೆಸ್ಟಿಕ್‌ಗೆ ಬರುವುದಿಲ್ಲ. ಸಂಖ್ಯೆಯ ಮೊದಲು ‘ಕೆಐಎ’ ಎಂದಿದ್ದರೆ ಅದು ವಿಮಾನ ನಿಲ್ದಾಣದ ವಾಯುವಜ್ರ, ‘ವಿ’ ಇದ್ದರೆ ಹವಾನಿಯಂತ್ರಿತ ವಜ್ರ, ‘ಎಂಎಫ್’ ಇದ್ದರೆ ಮೆಟ್ರೊ ನಿಲ್ದಾಣಕ್ಕೆ ಸಂಪರ್ಕ ಕಲ್ಪಿಸುವ ಬಸ್. ಸಂಖ್ಯೆಯ ಕೊನೆಯ ಒಂದು ಅಕ್ಷರ ಬದಲಾದರೂ ದಾರಿ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆಯಬೇಕು. ವಜ್ರ, ವಾಯುವಜ್ರಗಳಿಗೆ ಇದು ಅನ್ವಯಿಸದು. ಉಳಿದವರಿಗೆ 2025ರ ಜನವರಿಯ ಪರಿಷ್ಕರಣೆಯಲ್ಲಿ ಕನಿಷ್ಠ ದರ 6 ರೂಪಾಯಿ, ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 80 ರೂಪಾಯಿ ನಿಗದಿಯಾಯಿತು. ನೋಟು ಕೊಟ್ಟಾಗ ಚಿಲ್ಲರೆ ಇಲ್ಲದಿದ್ದರೆ ನಿರ್ವಾಹಕರು ಬಾಕಿಯನ್ನು ಟಿಕೆಟ್ ಹಿಂಬದಿಯಲ್ಲಿ ಬರೆದುಕೊಡುವುದು ರೂಢಿ. ಇಳಿಯುವ ಮುನ್ನ ಕೇಳಿ ಪಡೆಯದಿದ್ದರೆ ಅದು ಹೋದಂತೆಯೇ.

ಮೂರು ಬಣ್ಣದ ಮೆಟ್ರೊ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಮಹಾತ್ಮ ಗಾಂಧಿ ರಸ್ತೆ ನಡುವೆ ಆರಂಭವಾದ ‘ನಮ್ಮ ಮೆಟ್ರೊ’ 2025ರ ಆಗಸ್ಟ್ ವೇಳೆಗೆ ಸುಮಾರು 96 ಕಿ.ಮೀ. ವ್ಯಾಪಿಸಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ನೇರಳೆ, ಮಾದಾವರದಿಂದ ರೇಷ್ಮೆ ಸಂಸ್ಥೆಗೆ ಹಸಿರು, ರಾಷ್ಟ್ರೀಯ ವಿದ್ಯಾಲಯ (ಆರ್.ವಿ.) ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ. ನೇರಳೆ ಮತ್ತು ಹಸಿರು ಸೇರುವುದು ಮೆಜೆಸ್ಟಿಕ್‌ನಲ್ಲಿ, ಹಸಿರು ಮತ್ತು ಹಳದಿ ಸೇರುವುದು ಆರ್.ವಿ. ರಸ್ತೆಯಲ್ಲಿ. ಅಂದರೆ ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೊರಟವರು ಎರಡು ಬಾರಿ ರೈಲು ಬದಲಿಸಬೇಕು.

2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಸ್ಮಾರ್ಟ್ ಕಾರ್ಡ್ ಬಳಸಿದರೆ ಶೇ 5ರಷ್ಟು ರಿಯಾಯಿತಿಯುಂಟು. ಮೊಬೈಲ್‌ನಲ್ಲಿ ವಾಟ್ಸ್‌ಆ್ಯಪ್ ಮೂಲಕವೂ ಟಿಕೆಟ್ ಪಡೆಯಬಹುದು. ಶಕ್ತಿ ಯೋಜನೆ ಮೆಟ್ರೊಗೆ ಇಲ್ಲ. 2025ರ ಅಂತ್ಯದವರೆಗೂ ವಿಮಾನ ನಿಲ್ದಾಣಕ್ಕೆ ಮೆಟ್ರೊ ತಲುಪಿರಲಿಲ್ಲ. ಕಡಿಮೆ ಖರ್ಚಿನ ದಾರಿ ವಾಯುವಜ್ರವೇ ಆಗಿತ್ತು.

ಐದು ಗಂಟೆಯ ಗಡಿ

ನಸುಕಿನಲ್ಲಿ ಇಳಿದವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ ಗಡಿಯಾರದ್ದು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ನಗರದಲ್ಲಿ ಆಟೊಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರದ ಪ್ರತಿ ಕಿ.ಮೀ.ಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಇದರ ಒಂದೂವರೆ ಪಟ್ಟು. ಮೆಟ್ರೊ ಸಂಚಾರ ಶುರುವಾಗುವುದೂ ಸಾಮಾನ್ಯವಾಗಿ 5ರ ಸುಮಾರಿಗೆ. ಭಾನುವಾರ ಮಾತ್ರ ಇನ್ನಷ್ಟು ತಡ.

ನಾಲ್ಕಕ್ಕೆ ಇಳಿದವರು ನಿಲ್ದಾಣದ ಒಳಗೇ, ಜನರಿರುವ ಕಡೆ ಕುಳಿತು ಒಂದು ಗಂಟೆ ಕಾದರೆ ಆಟೊ ದರ ಇಳಿಯುತ್ತದೆ, ಮೆಟ್ರೊ ಬಾಗಿಲು ತೆರೆಯುತ್ತದೆ, ನಗರ ಸಾರಿಗೆ ಬಸ್ಸುಗಳೂ ಒಂದೊಂದಾಗಿ ಹೊರಡುತ್ತವೆ. ಕಾಯಲಾಗದಷ್ಟು ತುರ್ತಿದ್ದವರು ಪ್ರೀಪೇಯ್ಡ್ ಆಟೊ ಕೌಂಟರ್‌ಗೆ ಹೋಗಿ ಚೀಟಿ ಪಡೆಯುವುದು ಕ್ಷೇಮ.

ಸಂದರ್ಶನವೋ ಪರೀಕ್ಷೆಯೋ ಇದ್ದು ಒಂದು ದಿನ ಮೊದಲೇ ಬಂದವರು ದಿನದ ಪಾಸು ಕೊಂಡು ಆ ಜಾಗಕ್ಕೆ ಒಮ್ಮೆ ಹೋಗಿ ಬರುವುದು ಒಳಿತು. ಆದರೆ ಮಧ್ಯಾಹ್ನದ ಖಾಲಿ ರಸ್ತೆಯಲ್ಲಿ ತಗಲಿದ ಸಮಯವನ್ನು ನಂಬಿ ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೊರಡುವಂತಿಲ್ಲ. ಸಿಲ್ಕ್ ಬೋರ್ಡ್, ಹೆಬ್ಬಾಳದಂತಹ ಕಡೆ ಆ ಹೊತ್ತಿನ ದಟ್ಟಣೆಯೇ ಬೇರೆ. ಅದಕ್ಕೆಂದು ಮುಕ್ಕಾಲು ಗಂಟೆಯಾದರೂ ಹೆಚ್ಚಿಗೆ ಇಟ್ಟುಕೊಂಡು ಹೊರಡಬೇಕು.